ಕರಾವಳಿಯ ತುಕ್ಕಿಗೆ 400 ಎನ್ಎಂ ಬ್ಯಾಟರಿ ಗನ್ ಸಾಕಾಯಿತು: ನನ್ನ ಅನುಭವ

ಬ್ಯಾಟರಿ ಗನ್‌ನಿಂದ (ಬಡಿದು ಬಡಿದು ನಟ್ ತಿರುಗಿಸುವ ಇಂಪ್ಯಾಕ್ಟ್ ರೆಂಚ್) ಬೊಲೆರೊ ಪಿಕಪ್‌ನ ಹಿಂದಿನ ಪಾಟಾವನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಆಕ್ಸಲ್‌ಗೆ ಕಟ್ಟಿ ಹಿಡಿಯುವ ಯು ಬೋಲ್ಟ್ ಬಿಚ್ಚಲು ಆಗುವುದಿಲ್ಲ ಅಂತ ನನಗೆ ಹೇಳಿದವರು ಬಹಳ ಜನ. ಗ್ಯಾರೇಜಿನ ಮೇಸ್ತ್ರಿ ಹೇಳಿದರು, ಪಂಕ್ಚರ್ ಅಂಗಡಿಯವರು ಹೇಳಿದರು. ಭಾವ ಅಂತೂ "ಅದು ಆಟದ ಸಾಮಾನು, ದುಡ್ಡು ಹಾಳು" ಅಂದ. ಕಳೆದ ಬೇಸಿಗೆಯಲ್ಲಿ ಎರಡೂ ಬದಿಯ ಯು ಬೋಲ್ಟ್ ಬಿಚ್ಚಿ, ಪಾಟಾ ಇಳಿಸಿ, ಬುಷ್ ಬದಲಿಸಿ, ಮತ್ತೆ ಕಟ್ಟಿದೆ. ಗ್ಯಾಸ್ ಕಟಿಂಗ್ ಇಲ್ಲ, ಛೇಣಿ ಇಲ್ಲ. ಎಲ್ಲ ಮನೆ ಅಂಗಳದಲ್ಲೇ. ಗಾಡಿ ಈಗಲೂ ಅಡಿಕೆ ಹೊರುತ್ತಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಹೊನ್ನಾವರದ ಕಡೆ. ಉಪ್ಪು ಗಾಳಿ, ನಾಲ್ಕು ತಿಂಗಳು ಬಿಡದ ಮಳೆ. ಹುಬ್ಬಳ್ಳಿಯ ಗೆಳೆಯ ಕೈ ಪಾನಾದಲ್ಲಿ ಬಿಚ್ಚುವ ನಟ್, ನಮ್ಮಲ್ಲಿ ಒಂದು ಮೀಟರ್ ಪೈಪ್ ಸಿಕ್ಕಿಸಿ ಅದರ ತುದಿಗೆ ನಿಂತರೂ ಅಲುಗುವುದಿಲ್ಲ. ನನ್ನ ತೂಕ 70 ಕೆಜಿ. ಅಂದರೆ ಹತ್ತಿರ ಹತ್ತಿರ 690 ಎನ್ಎಂ (ನ್ಯೂಟನ್ ಮೀಟರ್, ತಿರುಗಿಸುವ ಬಲದ ಅಳತೆ) ಬಿದ್ದ ಹಾಗಾಯಿತು. ಇದನ್ನು ಕೇಳಿದವರೆಲ್ಲ "ಹಾಗಾದರೆ 1000 ಎನ್ಎಂ ಗನ್ನೇ ಬೇಕು" ಅನ್ನುತ್ತಾರೆ. ಲೆಕ್ಕ ಸರಿ ಕಾಣುತ್ತದೆ, ಅಲ್ವಾ? ಆದರೆ ಪೈಪು ಒಂದೇ ಸಮನೆ ಒತ್ತುತ್ತದೆ. ಗನ್ ಬಡಿಯುತ್ತದೆ. ತುಕ್ಕು ಒಡೆಯುವುದು ಬಡಿತಕ್ಕೆ.

ಮೊದಲು ಯೋಚಿಸಿದ್ದು ಗಾಳಿ ಗನ್. ಎರಡು ಎಚ್‌ಪಿ ಸಿಂಗಲ್ ಫೇಸ್ ಕಂಪ್ರೆಸರ್, ಅರ್ಧ ಇಂಚಿನ ಗನ್, ಪೈಪು ಎಲ್ಲ ಸೇರಿ 28-30 ಸಾವಿರದ ಲೆಕ್ಕ ಬಂತು. ಗೆಳೆಯರೊಬ್ಬರ ಮನೆಯಲ್ಲಿ ಅಂಥದ್ದೇ ಇತ್ತು, ಹೋಗಿ ನೋಡಿದೆ. ಮೊದಲ ಎರಡು ನಟ್‌ಗೆ ಜೋರು. ಆಮೇಲೆ ಟ್ಯಾಂಕ್ ಒತ್ತಡ 90 ಪಿಎಸ್‌ಐನಿಂದ 60ಕ್ಕೆ ಇಳಿಯಿತು, ಗನ್ ಸುಮ್ನೆ ತಿರುಗಿತು. ಮತ್ತೆ ತುಂಬುವವರೆಗೆ ಕಾಯಬೇಕು. ಜೂನ್, ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ನಂತರ ಐದು ಸಾವಿರದ ಒಂದು ಕಿಟ್ ತರಿಸಿದೆ. ಹೆಸರು ಬೇಡ. ಎರಡು ಬ್ಯಾಟರಿ, ಚಾರ್ಜರ್, ಪ್ಲಾಸ್ಟಿಕ್ ಪೆಟ್ಟಿಗೆ. ಬ್ಯಾಟರಿ ಮೇಲೆ 128 ವಿಎಫ್ ಅಂತ, 128 ವೋಲ್ಟ್ ಅನ್ನಿಸುವ ಹಾಗೆ, ದೊಡ್ಡದಾಗಿ ಬರೆದಿತ್ತು. ಬಿಚ್ಚಿ ನೋಡಿದರೆ ಒಳಗೆ ಐದೇ ಸೆಲ್, ಒಂದರ ಹಿಂದೆ ಒಂದು. ಒಂದಕ್ಕೆ 3.6 ವೋಲ್ಟ್, ಒಟ್ಟು 18. ಪೂರ್ತಿ ಚಾರ್ಜ್ ಆದಾಗ 21. ಪೆಟ್ಟಿಗೆ ಮೇಲೆ 18 ಅಂತ ಇರಲಿ, 20 ಅಂತ ಇರಲಿ, 21 ಅಂತ ಇರಲಿ, ಸಾಲಿನಲ್ಲಿ ಇರುವುದು ಐದು ಸೆಲ್ಲೇ. ಅದನ್ನು ನೋಡಿ ಯಾರೂ ಜಾಸ್ತಿ ದುಡ್ಡು ಕೊಡಬೇಡಿ. ಆಲ್ಟೊದ ಚಕ್ರ ಬಿಚ್ಚಲು ಆ ಗನ್ ಸಾಕಾಗಿತ್ತು, ಸುಳ್ಳು ಹೇಳಬಾರದು. ಪಿಕಪ್‌ಗೆ ಹಚ್ಚಿದರೆ ಬರೀ ಸದ್ದು. ಒಂದು ಮಳೆಗಾಲ ಮುಗಿಯುವುದರೊಳಗೆ ಟ್ರಿಗರ್ ಸ್ವಿಚ್ ಸುಟ್ಟಿತು. ಬಿಡಿ ಭಾಗ ಎಲ್ಲೂ ಸಿಗಲಿಲ್ಲ. ಐದು ಸಾವಿರ ಹೋಯಿತು.

ದೊಡ್ಡದನ್ನೂ ಹಿಡಿದು ನೋಡಿದ್ದೇನೆ. ಉಡುಪಿ ಕಡೆ ಕಬ್ಬಿಣದ ಶೆಡ್ ಕಟ್ಟುವ ಪರಿಚಯದವರ ಹತ್ತಿರ 1000 ಎನ್ಎಂ ವರ್ಗದ ಗನ್ ಇತ್ತು. ಎರಡು ದಿನಕ್ಕೆ ತಂದೆ. ಶಕ್ತಿಯ ಬಗ್ಗೆ ಮಾತೇ ಇಲ್ಲ. ಆದರೆ ಬ್ಯಾಟರಿ ಸೇರಿ ಮೂರು ಕೆಜಿ ದಾಟುತ್ತದೆ. ಗಾಡಿಯ ಕೆಳಗೆ ಮಲಗಿ ಅದನ್ನು ಎದೆಯ ಮೇಲೆ ಎತ್ತಿ ಹಿಡಿಯಬೇಕು. ಉದ್ದವೂ ಜಾಸ್ತಿ. ಶಾಕ್ ಅಬ್ಸಾರ್ಬರ್ ಪಕ್ಕದ ನಟ್‌ಗೆ ನೇರ ಹಚ್ಚಲು ಜಾಗ ಸಾಲಲಿಲ್ಲ. ಎಕ್ಸ್‌ಟೆನ್ಶನ್ ರಾಡ್, ಅದಕ್ಕೊಂದು ಓರೆಯಾಗಿ ತಿರುಗುವ ಯೂನಿವರ್ಸಲ್ ಜಾಯಿಂಟ್ ಹಾಕಬೇಕಾಯಿತು. ಹಾಕಿದ ಮೇಲೆ ಅದರ ಅರ್ಧ ಬಲ ನಟ್‌ಗೆ ಮುಟ್ಟಲೇ ಇಲ್ಲ.

ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ, ಅಳೆದಿದ್ದೇನೆ. ಹಳೆ ಲಾರಿ ಚಾಸಿಯ ಒಂದು ತುಂಡು ಇತ್ತು. ಅದಕ್ಕೆ ದಪ್ಪ ಹೈ ಟೆನ್ಸೈಲ್ ಬೋಲ್ಟ್ ಹಾಕಿ ನೆಲಕ್ಕೆ ಬಿಗಿ ಮಾಡಿದೆ. ಗನ್‌ನಿಂದ ಐದಾರು ಸೆಕೆಂಡ್ ಟೈಟ್ ಮಾಡುವುದು. ಆಮೇಲೆ ಒಂದು ಮೀಟರ್ ಉದ್ದದ ರಾಡ್ ಹಾಕಿ, ತುದಿಗೆ ಅಡಿಕೆ ತೂಗುವ ನೇತಾಡುವ ಡಿಜಿಟಲ್ ಕಾಟಾ ಕಟ್ಟಿ, ನಟ್ ಬಿಡುವವರೆಗೆ ಎಳೆಯುವುದು. ಕಾಟಾ ತೋರಿಸಿದ ಕೆಜಿಯನ್ನು 9.8ರಿಂದ ಗುಣಿಸಿದರೆ ಎನ್ಎಂ. ಬಿಗಿ ಮಾಡಿದ ಬಲ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಹೋಲಿಸಿ ನೋಡಲು ಇಷ್ಟು ಸಾಕು.

ಕೊನೆಗೆ ಕೊಂಡದ್ದು ಬಾಷ್ ಜಿಡಿಎಸ್ 18ವಿ-400. ಟೈಟ್ ಮಾಡಲು 400 ಎನ್ಎಂ, ಬಿಚ್ಚಲು 600 ಅಂತ ಕಂಪನಿ ಹೇಳುತ್ತದೆ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಯಾವ ಲೆಕ್ಕ ಇದೆ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಒಂದು ಗನ್ನಿನ ಬಿಚ್ಚುವ ಲೆಕ್ಕವನ್ನು ಇನ್ನೊಂದರ ಟೈಟ್ ಲೆಕ್ಕದ ಜೊತೆ ಹೋಲಿಸಿ ಮೋಸ ಹೋಗುವವರು ಬಹಳ. ಬಾಷ್ ಆರಿಸಲು ಕಾರಣ ಒಂದೇ. ಅದೇ 18 ವೋಲ್ಟ್ ಬ್ಯಾಟರಿಯ ಡ್ರಿಲ್ ನನ್ನ ಹತ್ತಿರ ಮೊದಲೇ ಇತ್ತು. ನಿಮ್ಮ ಹತ್ತಿರ ಮಕಿಟಾ ಬ್ಯಾಟರಿ ಇದ್ದರೆ ಡಿಟಿಡಬ್ಲ್ಯು300 ನೋಡಿ. ಅದು 330 ಮತ್ತು 580. ಕೆಲಸದಲ್ಲಿ ಹೆಚ್ಚು ಕಡಿಮೆ ಒಂದೇ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ತಿರುಗಾಡಿ ತಂದೆ. ಬರೀ ಗನ್ ಹದಿನೈದು ಸಾವಿರದ ಆಚೀಚೆ. ಮನೆಗೆ ಬಂದು ಡ್ರಿಲ್‌ನ 2 ಆಂಪಿಯರ್ ಅವರ್ ಬ್ಯಾಟರಿ ಹಾಕಿ ಪಿಕಪ್‌ಗೆ ಹಚ್ಚಿದೆ. ನಟ್ ಅಲುಗಲಿಲ್ಲ. ಭಾವ ಪಕ್ಕದಲ್ಲೇ ನಿಂತಿದ್ದ. ನಾನು ಗನ್ನಿಗೆ ಬಯ್ಯಲಿಲ್ಲ. ಚಾಸಿ ತುಂಡಿನ ಹತ್ತಿರ ಹೋಗಿ ಅಳೆದೆ. ಕಾಟಾ 25 ಕೆಜಿ ತೋರಿಸಿತು, ಅಂದರೆ 245 ಎನ್ಎಂ. ಚಿಕ್ಕ ಬ್ಯಾಟರಿಯಲ್ಲಿ ಸಣ್ಣ ಸೆಲ್ಲಿನ ಒಂದೇ ಸಾಲು. ಗನ್ ಕೇಳುವ ಕರೆಂಟ್ ಕೊಡುವಾಗ ಅದರ ವೋಲ್ಟೇಜ್ ಕುಸಿಯುತ್ತದೆ. ಬಾಷ್‌ನದೇ ಪ್ರೊಕೋರ್ 4 ಆಂಪಿಯರ್ ಅವರ್ ಬ್ಯಾಟರಿ ತಂದು ಹಾಕಿದ ಮೇಲೆ ಅದೇ ಬೋಲ್ಟ್‌ಗೆ 37-38 ಕೆಜಿ ಬಂತು. ಅದರಲ್ಲೂ ಐದೇ ಸೆಲ್, ಆದರೆ 21700 ಅನ್ನುವ ದಪ್ಪ ಅಳತೆಯ ಸೆಲ್. ಎರಡು ಸಾಲಿನ ಹಳೆ ಮಾದರಿಯ 5 ಆಂಪಿಯರ್ ಅವರ್ ಕೂಡ ಹತ್ತಿರ ಹತ್ತಿರ ಅಷ್ಟೇ ಕೊಟ್ಟಿತು, ತೂಕ ಮಾತ್ರ ಜಾಸ್ತಿ. ಬ್ಯಾಟರಿಗೆ ಆರೇಳು ಸಾವಿರ ಕೊಡುವಾಗ ಹೊಟ್ಟೆ ಉರಿಯಿತು ನಿಜ. ಆದರೆ ಗನ್ನಿನ ಬಲದ ಮೂರನೇ ಒಂದು ಭಾಗ ಅಲ್ಲೇ ಇದೆ.

ಅದೇ ತುಂಡಿನ ಮೇಲೆ ಇನ್ನೂ ಒಂದಷ್ಟು ಆಟ ಆಡಿದೆ. 250 ಮಿಮೀ ಎಕ್ಸ್‌ಟೆನ್ಶನ್ ಹಾಕಿದರೆ ಕಾಟಾದಲ್ಲಿ 38 ಕೆಜಿ ಇದ್ದದ್ದು 27ಕ್ಕೆ ಬಂತು. ಯೂನಿವರ್ಸಲ್ ಜಾಯಿಂಟ್ ಸೇರಿಸಿದರೆ 20. ಸಾಮಾನ್ಯ ಕ್ರೋಮ್ ಸಾಕೆಟ್ ಒಂದು ಸೀಳಿತು, ಚೂರು ಹಾರಿ ಗೋಡೆಗೆ ಬಿತ್ತು. ಕಪ್ಪು ಇಂಪ್ಯಾಕ್ಟ್ ಸಾಕೆಟ್, ಅದೂ ಆರು ಮೂಲೆಯದ್ದು ಮಾತ್ರ ಬಳಸಿ. ಕನ್ನಡಕ ಹಾಕಿಕೊಳ್ಳಿ. ಡೀಪ್ ಸಾಕೆಟ್ ಒಂದಿದ್ದರೆ ಯು ಬೋಲ್ಟ್‌ಗೆ ಎಕ್ಸ್‌ಟೆನ್ಶನ್ನೇ ಬೇಡ. ನನ್ನ ಗೆಲುವಿನಲ್ಲಿ ಆ ಆರುನೂರು ರೂಪಾಯಿಯ ಸಾಕೆಟ್‌ನ ಪಾಲು ದೊಡ್ಡದು.

ಇನ್ನು ಯು ಬೋಲ್ಟ್. ಮೂರು ದಿನ ಮೊದಲೇ ವೈರ್ ಬ್ರಷ್‌ನಿಂದ ಬೋಲ್ಟಿನ ಎಳೆಗಳನ್ನು (ಥ್ರೆಡ್) ತಿಕ್ಕಿ ಎಣ್ಣೆ ಬಿಡುತ್ತಾ ಬಂದೆ. ಎಣ್ಣೆ ನಾನೇ ಕಲೆಸಿದ್ದು. ಅದರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಟಿಎಫ್ ಎಣ್ಣೆ ಇದೆ, ಇನ್ನೆರಡು ಇವೆ. ಪಾಲು ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ. ಗನ್ ಹಚ್ಚಿದಾಗ ಮೊದಲು ಬಿಚ್ಚುವ ಕಡೆ ಅಲ್ಲ, ಟೈಟ್ ಕಡೆ ಒಂದೆರಡು ಸೆಕೆಂಡ್ ಬಡಿದೆ. ನಂತರ ಹಿಂದಕ್ಕೆ. ಹತ್ತು ಸೆಕೆಂಡ್ ಬಡಿಯುವುದು, ಬಿಡುವುದು, ಮತ್ತೆ ಎಣ್ಣೆ. ಎಡಬದಿಯ ನಾಲ್ಕೂ ಒಂದೇ ಬೆಳಿಗ್ಗೆ ಬಂದವು. ಬಲಬದಿಯ ಒಂದು ನಟ್ ಮಾತ್ರ ಮರುದಿನದವರೆಗೆ ಹಟ ಮಾಡಿತು. ಅದಕ್ಕೆ ಮಾಡಿದ ಉಪಾಯ ಮೇಸ್ತ್ರಿಗೆ ಮಾತ್ರ ತೋರಿಸಿದ್ದೇನೆ. ಅವರೇ ಈಗ ವಾರಕ್ಕೊಮ್ಮೆ ಗನ್ ಕೇಳಿಕೊಂಡು ಬರುತ್ತಾರೆ.

ಪಾಟಾ ಕೆಲಸಕ್ಕೆ ಗ್ಯಾರೇಜಿನಲ್ಲಿ ಕೂಲಿ ಮೂರು ಸಾವಿರ ಕೇಳಿದ್ದರು, ಯು ಬೋಲ್ಟ್ ಕತ್ತರಿಸಿದರೆ ಹೊಸದರ ಖರ್ಚು ಬೇರೆ. ನನಗೆ ಗನ್, ಬ್ಯಾಟರಿ, ಸಾಕೆಟ್ ಸೆಟ್ ಎಲ್ಲ ಸೇರಿ 25 ಸಾವಿರದ ಒಳಗೇ ಆಯಿತು. ಎರಡು ವರ್ಷದಲ್ಲಿ ಅದರಷ್ಟು ಕೂಲಿ ಉಳಿದಿದೆ ಅಂತ ನನ್ನ ಲೆಕ್ಕ. ಮಧ್ಯೆ ಪವರ್ ಟಿಲ್ಲರಿನ ಬ್ಲೇಡ್ ಬದಲಿಸಲೂ ಇದನ್ನೇ ಹಚ್ಚಿದೆ. ಮಣ್ಣು, ಸಗಣಿ ಮೆತ್ತಿಕೊಂಡ ಆ ಬೋಲ್ಟ್‌ಗಳಿಗೆ ಮೊದಲೆಲ್ಲ ಅರ್ಧ ದಿನ ಹೋಗುತ್ತಿತ್ತು. ಈಗ ಚಹಾ ಕುಡಿಯುವ ಮೊದಲೇ ಮುಗಿಯುತ್ತದೆ. ಗನ್ ತಂದ ಖುಷಿ ಯು ಬೋಲ್ಟ್‌ಗಿಂತ ಅಲ್ಲೇ ಜಾಸ್ತಿ ಸಿಕ್ಕಿತು.

ಟೈಟ್ ಮಾಡುವ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಆಲ್ಟೊದ ಚಕ್ರದ ನಟ್‌ಗೆ 85 ಎನ್ಎಂ ಸಾಕು. 400ರ ಗನ್ ಇಟ್ಟು ಟ್ರಿಗರ್ ಒತ್ತಿದರೆ ಎರಡು ಸೆಕೆಂಡಿನಲ್ಲಿ ಅದನ್ನು ದಾಟಿ ಹೋಗುತ್ತದೆ. ಒಂದು ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್‌ನಿಂದ ಹೀಗೆ ಬಿಗಿದು ಕೊಟ್ಟ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ಒಂದು ನಂತರ ದಾರಿಯಲ್ಲಿ ತುಂಡಾಯಿತು. ನಾನು ನಟ್ ಅನ್ನು ಕೈಯಲ್ಲಿ ನಾಲ್ಕು ಸುತ್ತು ಹಾಕಿ, ಗನ್ನನ್ನು ಕಡಿಮೆ ಸ್ಪೀಡಿನಲ್ಲಿಟ್ಟು ಕೂರಿಸಿ, ಕೊನೆಗೆ ಟಾರ್ಕ್ ರೆಂಚಿನಲ್ಲೇ ಮುಗಿಸುತ್ತೇನೆ.

ಹಳೆ ವಿಲ್ಲಿಸ್ ಮಾದರಿಯ ಜೀಪ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಎಡಬದಿಯ ಚಕ್ರಕ್ಕೆ ಎಡ ಎಳೆಯ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವ, ಸ್ಟಡ್ ಇರುತ್ತದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಗನ್ ಒತ್ತಿದರೆ ಇನ್ನೂ ಬಿಗಿಯಾಗಿ ಸ್ಟಡ್ಡೇ ಮುರಿಯುತ್ತದೆ. ತುದಿಯನ್ನು ಬ್ರಷ್‌ನಿಂದ ಉಜ್ಜಿ ಎಲ್ ಅಕ್ಷರ ಇದೆಯಾ ನೋಡಿ. ತುಕ್ಕಿನಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಹೊರಗೆ ಕಾಣುವ ಎಳೆ ಯಾವ ಕಡೆಗೆ ಏರುತ್ತದೆ ಅಂತ ನೋಡಿ, ನಂತರ ಟ್ರಿಗರ್ ಒತ್ತಿ.