ಮಗು ಯಾವ ವಯಸ್ಸಿನ ಗುಂಪಿಗೆ ಸೇರುತ್ತದೆ? ಫುಟ್‌ಬಾಲ್ ಲೀಗ್‌ಗಳ ಕಟ್-ಆಫ್ ಲೆಕ್ಕ ಹೀಗಿದೆ

ಅಂಡರ್-12 ಅಂದರೆ 12 ತುಂಬದ ಮಕ್ಕಳು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಯಾವ ದಿನಕ್ಕೆ ತುಂಬಿರಬಾರದು? ಆ ದಿನವೇ ಕಟ್-ಆಫ್. ಇವತ್ತು ಮಗುವಿಗೆ ಎಷ್ಟು ವಯಸ್ಸು ಅಂತ ಲೀಗ್ ಕೇಳುವುದಿಲ್ಲ, ಆ ಒಂದು ತಾರೀಖಿಗೆ ಎಷ್ಟಾಗಿತ್ತು ಅಂತ ನೋಡುತ್ತದೆ. ಹಾಗಾಗಿ ಎದುರಾಳಿ ಟೀಮಿನಲ್ಲಿ 12 ತುಂಬಿದ ಹುಡುಗ ಇದ್ದಾನೆ ಅಂತ ಗೊತ್ತಾದ ತಕ್ಷಣ ರೆಫರಿ ಹತ್ತಿರ ಓಡಬೇಡಿ. ಸೀಸನ್ ಶುರುವಾದ ಮೇಲೆ ಅವನ ಹುಟ್ಟುಹಬ್ಬ ಬಂದಿರಬಹುದು, ಅಷ್ಟೇ.

ಮೊದಲು ಮಾಡಬೇಕಾದ ಕೆಲಸ, ನಿಮ್ಮ ಲೀಗ್ ಯಾವ ಪದ್ಧತಿಯಲ್ಲಿದೆ ಅಂತ ನಿಯಮ ಪುಸ್ತಕ ತೆಗೆದು ನೋಡುವುದು. ಸಾಮಾನ್ಯವಾಗಿ ಎರಡು ಪದ್ಧತಿ ಇರುತ್ತವೆ. ಒಂದು, ಹುಟ್ಟಿದ ವರ್ಷದ ಲೆಕ್ಕ: ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ಗುಂಪು. ಫಿಫಾ ನಡೆಸುವ ಟೂರ್ನಿಗಳು ಹೀಗೇ. 2025ರ ಅಂಡರ್-17 ವಿಶ್ವಕಪ್‌ನಲ್ಲಿ ಆಡಲು 2008ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಇನ್ನೊಂದು, ಶಾಲೆಯ ವರ್ಷದ ಲೆಕ್ಕ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಒಂದೇ ಕ್ಲಾಸಿನ ಮಕ್ಕಳು ಒಂದೇ ಟೀಮಿನಲ್ಲಿ ಇರಲಿ ಅನ್ನುವುದು ಇದರ ಉದ್ದೇಶ.

ಒಂದು ಮಗುವನ್ನೇ ಹಿಡಿದು ಲೆಕ್ಕ ಹಾಕಿ ನೋಡೋಣ. ಹುಟ್ಟಿದ್ದು 2014ರ ಅಕ್ಟೋಬರ್ 10. ಅಮೆರಿಕದಲ್ಲಿ 2025-26ರ ಸೀಸನ್‌ಗೆ ಹುಟ್ಟಿದ ವರ್ಷದ ಲೆಕ್ಕ, ಸೀಸನ್ ಮುಗಿಯುವ 2026ರಿಂದ 12 ಕಳೆದರೆ 2014. ಹಾಗಾಗಿ ಅಂಡರ್-12. ಅದೇ ಸೀಸನ್‌ನಲ್ಲಿ ಅದೇ ಮಗು ಇಂಗ್ಲೆಂಡಿನಲ್ಲಿದ್ದರೆ? 2025ರ ಆಗಸ್ಟ್ 31ಕ್ಕೆ ಅದಕ್ಕಿನ್ನೂ ಹತ್ತೇ ವರ್ಷ, ಹಾಗಾಗಿ ಅಂಡರ್-11. ಮಗು ಅದೇ, ಕಾಲು ಅದೇ, ಗುಂಪು ಮಾತ್ರ ಬೇರೆ.

ಇಷ್ಟು ಸಾಲದು ಅಂತ ಅಮೆರಿಕದವರು ನಿಯಮವನ್ನೇ ಮತ್ತೆ ಬದಲಿಸಿದ್ದಾರೆ. ಅಲ್ಲಿ ಮೊದಲು ಆಗಸ್ಟ್ 1ರ ಕಟ್-ಆಫ್ ಇತ್ತು. ಬೇರೆ ದೇಶಗಳ ಹಾಗೆ ಇರಲಿ ಅಂತ 2015ರಲ್ಲಿ ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಯುಎಸ್ ಸಾಕರ್ ಹುಟ್ಟಿದ ವರ್ಷದ ಲೆಕ್ಕ ತರುವುದಾಗಿ ಹೇಳಿತು, 2017ರ ಹೊತ್ತಿಗೆ ಅದು ಕಡ್ಡಾಯವಾಯಿತು. ರಾಷ್ಟ್ರೀಯ ತಂಡಕ್ಕೆ ಆರಿಸುವವರಿಗೆ ಇದು ಅನುಕೂಲವೇ. ಆದರೆ ಆ ಮಟ್ಟಕ್ಕೆ ಹೋಗುವ ಮಕ್ಕಳು ಎಷ್ಟು ಜನ? ಉಳಿದವರಿಗೆ ಸಿಕ್ಕಿದ್ದು ತೊಂದರೆ. ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದ ಮಕ್ಕಳು ಟೀಮಿನ ಉಳಿದವರಿಗಿಂತ ಸಾಮಾನ್ಯವಾಗಿ ಒಂದು ಕ್ಲಾಸ್ ಹಿಂದೆ ಇರುತ್ತಾರೆ. ಜೊತೆಗಾರರು ಒಂಬತ್ತನೇ ಕ್ಲಾಸಿಗೆ ಹೋಗಿ ಹೈಸ್ಕೂಲ್ ಟೀಮಿನಲ್ಲಿ ಆಡಲು ಶುರುಮಾಡಿದರೆ, ಕ್ಲಬ್ ಟೀಮ್ ಆ ಸೀಸನ್‌ಗೆ ಖಾಲಿ. ಎಂಟನೇ ಕ್ಲಾಸಿನಲ್ಲೇ ಇರುವ ಇವನು ಆಡಲು ಟೀಮಿಲ್ಲದೆ ಸುಮ್ನೆ ಕೂರಬೇಕು. ಈ ದೂರು ವರ್ಷಗಟ್ಟಲೆ ಕೇಳಿಬಂತು. ಕೊನೆಗೆ ಅಲ್ಲಿ ಮಕ್ಕಳ ಫುಟ್‌ಬಾಲ್ ನಡೆಸುವ ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್, ಎವೈಎಸ್ಒ ಮೂರೂ ಸಂಸ್ಥೆಗಳು ಸೇರಿ 2026-27ರಿಂದ ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ವಾಪಸ್ ಹೋಗಲು ತೀರ್ಮಾನಿಸಿದವು. ನಮ್ಮ ಅಕ್ಟೋಬರ್ ಮಗು ಹೊಸ ಲೆಕ್ಕದಲ್ಲಿ ಇನ್ನೊಂದು ವರ್ಷ ಅಂಡರ್-12ರಲ್ಲೇ ಉಳಿಯುತ್ತದೆ. 2014ರ ಮಾರ್ಚ್‌ನಲ್ಲಿ ಹುಟ್ಟಿ ಇಷ್ಟು ದಿನ ಜೊತೆಗೇ ಆಡುತ್ತಿದ್ದ ಗೆಳೆಯ ಅಂಡರ್-13ಕ್ಕೆ ಹೋಗುತ್ತಾನೆ.

ಹಾಗಾದರೆ ಎಲ್ಲರಿಗೂ ನ್ಯಾಯ ಕೊಡುವ ತಾರೀಖು ಯಾವುದು? ಅಂಥದ್ದಿಲ್ಲ. ಎಲ್ಲಿ ಗೆರೆ ಎಳೆದರೂ ಅದರ ಆಚೆ ಈಚೆ ಒಂದು ದಿನದ ಅಂತರದಲ್ಲಿ ಹುಟ್ಟಿದ ಇಬ್ಬರು ಬೇರೆ ಬೇರೆ ಗುಂಪಿಗೆ ಬೀಳುತ್ತಾರೆ, ಒಂದೇ ಗುಂಪಿನೊಳಗೆ ಸುಮಾರು ಒಂದು ವರ್ಷ ದೊಡ್ಡವನು ಚಿಕ್ಕವನ ಪಕ್ಕ ನಿಲ್ಲುತ್ತಾನೆ. ಎಂಟು ವರ್ಷದವರಲ್ಲಿ ಒಂದು ವರ್ಷ ಅಂದರೆ ಬಹಳ ದೊಡ್ಡ ವ್ಯತ್ಯಾಸ. ಕೋಚ್ ಕಣ್ಣಿಗೆ ದೊಡ್ಡವನೇ ಚುರುಕಾಗಿ ಕಾಣುತ್ತಾನೆ, ಅವನಿಗೇ ಜಾಸ್ತಿ ಆಟ, ಜಾಸ್ತಿ ತರಬೇತಿ ಸಿಗುತ್ತದೆ. ಬೆಲ್ಜಿಯಂನಲ್ಲಿ 1997ರಲ್ಲಿ ಕಟ್-ಆಫ್ ಆಗಸ್ಟ್‌ನಿಂದ ಜನವರಿಗೆ ಬದಲಾಯಿತು. ಸಂಶೋಧಕರು ಹಿಂದಿನ, ಮುಂದಿನ ಟೀಮುಗಳನ್ನು ಹೋಲಿಸಿ ನೋಡಿದಾಗ, ಆಯ್ಕೆಯಾಗುವ ಮಕ್ಕಳ ಹುಟ್ಟಿದ ತಿಂಗಳೂ ಬದಲಾಗಿತ್ತು. ಮೊದಲು ಆಗಸ್ಟ್ ನಂತರ ಹುಟ್ಟಿದವರು ಜಾಸ್ತಿ, ಆಮೇಲೆ ಜನವರಿ ನಂತರ ಹುಟ್ಟಿದವರು. ಪ್ರತಿಭೆಗೆ ತಿಂಗಳು ನೋಡಿ ಹುಟ್ಟುವ ಅಭ್ಯಾಸ ಇಲ್ಲ ಅಲ್ವಾ? ಹಾಗಾಗಿ ನಿಮ್ಮ ಮಗು ಗುಂಪಿನಲ್ಲಿ ಕೊನೆಯ ತಿಂಗಳುಗಳದ್ದಾಗಿದ್ದರೆ, ಆಯ್ಕೆ ಆಗಲಿಲ್ಲ ಅಂತ ಆಟ ಬಿಡಿಸುವ ಮೊದಲು ಹುಟ್ಟಿದ ತಾರೀಖನ್ನು ಒಮ್ಮೆ ಕೋಚ್‌ಗೆ ನೆನಪಿಸಿ. ಎಷ್ಟೋ ಕೋಚ್‌ಗಳು ಮಕ್ಕಳ ಹುಟ್ಟಿದ ತಾರೀಖಿನ ಪಟ್ಟಿ ನೋಡಿಯೇ ಇರುವುದಿಲ್ಲ.

ಮೇಲಿನ ಗುಂಪಿನಲ್ಲಿ ಆಡಿಸಬಹುದೇ ಅನ್ನುವುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಬಿಡುತ್ತಾರೆ, ಕೆಲವು ಕಡೆ ಒಂದು ವರ್ಷದಷ್ಟು ಮೇಲೆ ಮಾತ್ರ. ಕೆಳಗಿನ ಗುಂಪಿಗೆ ಇಳಿಸುವುದು ಕಷ್ಟ, ಅದಕ್ಕೆ ಗಟ್ಟಿ ಕಾರಣ ತೋರಿಸಬೇಕು. ಮೇಲೆ ಹಾಕಿಸುವ ಆಸೆ ಇದ್ದರೆ ಒಂದು ವಿಷಯ ನೋಡಿಕೊಳ್ಳಿ, ಗುಂಪು ಬದಲಾದರೆ ಆಟವೇ ಬದಲಾಗುತ್ತದೆ. ಅಮೆರಿಕದಲ್ಲಿ ಅಂಡರ್-11, ಅಂಡರ್-12ರಲ್ಲಿ ಒಂಬತ್ತು ಜನರ ಟೀಮ್, 4ನೇ ಸೈಜಿನ ಚೆಂಡು. ಅಂಡರ್-13 ಆದ ಕೂಡಲೇ ಹನ್ನೊಂದು ಜನ, ದೊಡ್ಡ ಮೈದಾನ, 5ನೇ ಸೈಜಿನ ಚೆಂಡು. ಚೆನ್ನಾಗಿ ಆಡುತ್ತಾನೆ ಅಂತ ಮೇಲೆ ಹಾಕಿಸಿದ ಹುಡುಗ ಅಲ್ಲಿ ಚೆಂಡೇ ಸಿಗದೆ ಓಡಾಡುತ್ತಿದ್ದರೆ ಏನು ಲಾಭ?

ದಾಖಲೆ ವಿಷಯ ಸರಳ. ಬರ್ತ್ ಸರ್ಟಿಫಿಕೇಟ್ ಅಥವಾ ಪಾಸ್‌ಪೋರ್ಟ್ ಸಾಕು. ಫಿಫಾ ಏನೋ 2009ರ ಅಂಡರ್-17 ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ತೆಗೆಸಿ ವಯಸ್ಸು ಪರೀಕ್ಷೆ ಮಾಡಿಸುತ್ತಿದೆ, ಶನಿವಾರದ ಲೀಗಿಗೆ ಅದೆಲ್ಲ ಬೇಕಾಗಿಲ್ಲ.

ಲೀಗ್ ನಡೆಸುವವರು ನೀವೇ ಆಗಿದ್ದರೆ, ತಾರೀಖು ಆರಿಸುವ ಮೊದಲು ಮಕ್ಕಳನ್ನು ಎಣಿಸಿ. ಸಂಖ್ಯೆ ಕಡಿಮೆ ಇದ್ದರೆ ಒಂದೊಂದು ವರ್ಷಕ್ಕೆ ಒಂದು ಗುಂಪು ಮಾಡಿದರೆ ಟೀಮೇ ಆಗುವುದಿಲ್ಲ. ಎರಡು ವರ್ಷ ಸೇರಿಸಿ ಅಂಡರ್-10, ಅಂಡರ್-12 ಅಂತ ಮಾಡಿ. ಆಮೇಲೆ ನಿಮ್ಮ ಟೀಮುಗಳು ಹೊರಗೆ ಯಾವ ಟೂರ್ನಿಗೆ ಹೋಗುತ್ತವೆ ಅಂತ ನೋಡಿ. ಅಲ್ಲಿಯ ಕಟ್-ಆಫ್ ಬೇರೆ ಇದ್ದರೆ, ವರ್ಷವಿಡೀ ಜೊತೆಗೆ ಆಡಿದ ಟೀಮಿನಲ್ಲಿ ಮೂರ್ನಾಲ್ಕು ಮಕ್ಕಳು ಆ ದಿನ ಹೊರಗೆ ಉಳಿಯುತ್ತಾರೆ, ಅವರ ಅಪ್ಪ ಅಮ್ಮಂದಿರಿಗೆ ಉತ್ತರ ಹೇಳಬೇಕಾದವರು ನೀವೇ. ನಿಯಮವನ್ನು ಹೆಸರು ಬರೆಸಿಕೊಳ್ಳುವ ಮೊದಲೇ ತಾರೀಖಿನ ಸಮೇತ ಬರೆದು ಹಾಕಿ, "ಅಂಡರ್-12" ಅಂತಷ್ಟೇ ಹಾಕಬೇಡಿ, "ಇಂಥ ದಿನದಿಂದ ಇಂಥ ದಿನದೊಳಗೆ ಹುಟ್ಟಿದವರು" ಅಂತ ಹಾಕಿ. ಹತ್ತು ದಿನದಲ್ಲಿ ಕಟ್-ಆಫ್ ತಪ್ಪಿತು, ಸ್ವಲ್ಪ ನೋಡಿ ಸಾರ್ ಅಂತ ಬರುವವರು ಪ್ರತಿ ಸೀಸನ್‌ನಲ್ಲೂ ಇರುತ್ತಾರೆ. ಒಬ್ಬರಿಗೆ ಒಪ್ಪಿದರೆ ಮಾರನೇ ದಿನ ಹದಿನೈದು ದಿನದ್ದು ಹಿಡಿದುಕೊಂಡು ಇನ್ನೊಬ್ಬರು ಬರುತ್ತಾರೆ.