ಬಡಾವಣೆಯ ಪರಿಸರ ಮೇಳ: ಮಕ್ಕಳ ಕೈಗೆ ಮೈಕ್ ಬೇಡ, ಹಗ್ಗ ಕೊಡಿ

ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ ಅಂತ ಆ ವಾರವೇ ಮೇಳ ಇಟ್ಟುಕೊಳ್ಳಬೇಡಿ. ಬೆಂಗಳೂರಿನಲ್ಲಿ ಆಗ ಸಾಮಾನ್ಯವಾಗಿ ದಸರಾ ರಜೆ, ಮೇಲಿಂದ ಮಳೆ. ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ 9ರಿಂದ 12.30 ಒಳ್ಳೆಯದು. ನಾಲ್ಕು ಶಾಲೆ ಸಾಕು. ಶಾಲೆಗೆ ಎಂಟು ಮಕ್ಕಳು, ಏಳು-ಎಂಟನೇ ತರಗತಿಯವರು. ನಾಲ್ವರು ಮಳಿಗೆಯಲ್ಲಿ, ನಾಲ್ವರು ತಿರುಗಾಟಕ್ಕೆ, ಮುಕ್ಕಾಲು ಗಂಟೆಗೊಮ್ಮೆ ಅದಲು ಬದಲು. ಮುಖ್ಯೋಪಾಧ್ಯಾಯರಿಗೆ ಆರು ವಾರ ಮೊದಲೇ ಪತ್ರ ಮುಟ್ಟಿರಲಿ.

ಮೇಳ ಕೆಡುವುದು ಗಿಣಿಪಾಠದಿಂದ. ಚಾರ್ಟ್ ಪಕ್ಕ ನಿಂತು ಒಂದೇ ಉಸಿರಿಗೆ ಒಪ್ಪಿಸುವ ಮಗುವಿನ ಮುಂದೆ ಅಪ್ಪ-ಅಮ್ಮ ಬಿಟ್ಟು ಬೇರೆ ಯಾರೂ ನಿಲ್ಲುವುದಿಲ್ಲ. ಮಳಿಗೆಗೊಂದು ಪ್ರಶ್ನೆ, ಮುಟ್ಟಲು ಏನಾದರೊಂದು ಸಾಮಾನು ಇರಲಿ.

ಹಾವಿನ ಮಳಿಗೆಗೆ ಹೆಬ್ಬೆರಳು ದಪ್ಪದ ಹಗ್ಗ ತಂದು ಐದು ತುಂಡು ಮಾಡಿ: ಕೇರೆಗೆ ಏಳಡಿ, ನಾಗರಹಾವಿಗೆ ಐದು, ಕೊಳಕುಮಂಡಲಕ್ಕೆ ನಾಲ್ಕು, ಕಟ್ಟುಹಾವಿಗೆ ಮೂರು, ಗರಗಸ ಮಂಡಲಕ್ಕೆ ಒಂದೂವರೆ. ಹೆಸರಿನ ಚೀಟಿಯನ್ನು ತುದಿಗೆ ಮಡಚಿ ಕಟ್ಟಿ. 'ವಿಷ ಇಲ್ಲದ್ದು ಯಾವುದು?' ಎಂದಷ್ಟೇ ಮಕ್ಕಳು ಕೇಳಲಿ. ಗಿಡ್ಡದ್ದನ್ನು ಎತ್ತಿದವರು ಗರಗಸ ಮಂಡಲವನ್ನೇ ಹಿಡಿದಿರುತ್ತಾರೆ. ವಿಷವಿಲ್ಲದ್ದು ಏಳಡಿಯ ಕೇರೆ. ಕಚ್ಚಿದರೆ ಏನು ಮಾಡಬೇಕು ಅಂತ ಖಂಡಿತ ಕೇಳುತ್ತಾರೆ. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ನಾಟಿ ಮದ್ದಿಗೆ ಕಾಯಬಾರದು, ನೇರ ಆಸ್ಪತ್ರೆಗೆ: ಇದೊಂದನ್ನು ಮಾತ್ರ ಬಾಯಿಪಾಠ ಮಾಡಿಸಿ.

ಜೀವಂತ ಹಾವು, ಪಂಜರದ ಗಿಳಿ, ನಕ್ಷತ್ರ ಆಮೆ ತರುತ್ತೇನೆ ಅಂತ ಒಬ್ಬರಾದರೂ ಮುಂದೆ ಬರುತ್ತಾರೆ. ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅಜ್ಜನ ಕಾಲದ ಜಿಂಕೆ ಕೊಂಬೂ ಗೋಡೆಯಲ್ಲೇ ಇರಲಿ.

ಫ್ಲೆಕ್ಸ್ ಬದಲು ಹಳೆ ಬೆಡ್‌ಶೀಟಿಗೆ ಬಣ್ಣ ಹಚ್ಚಿ. ಕುಡಿಯಲು 20 ಲೀಟರಿನ ಕ್ಯಾನ್, ಸ್ಟೀಲ್ ಲೋಟ.

ಹೆಚ್ಚು ಜನ ಮುತ್ತುವುದು ಕೆರೆ ನೀರಿನ ಟ್ರೇಗೆ. ಬಿಳಿ ಟ್ರೇಯೇ ಬೇಕು. ಬಣ್ಣದ್ದರಲ್ಲಿ ಹುಳ ಕಾಣುವುದಿಲ್ಲ. ಅಂದು ಬೆಳಿಗ್ಗೆ ದಡದ ಜೊಂಡಿನ ಬುಡದಿಂದ ಎರಡು ಲೀಟರ್ ನೀರು ದೊಡ್ಡವರೇ ತರಲಿ. ಎರಡು ಬೆರಳು ಆಳಕ್ಕೆ ಸುರಿದು ಹತ್ತು ನಿಮಿಷ ಅಲ್ಲಾಡಿಸದೆ ಬಿಟ್ಟರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ತಳದಲ್ಲಿ ತೆವಳತೊಡಗುತ್ತವೆ. ಚಮಚ, ಭೂತಗನ್ನಡಿ ಕೊಡಿ. ಬರಿಗೈ ಹಾಕಲು ಬಿಡಬೇಡಿ, ನಮ್ಮ ಕೆರೆಗಳಿಗೆ ಚರಂಡಿ ನೀರೂ ಸೇರುತ್ತದೆ. ಟ್ರೇ ನೆರಳಲ್ಲಿರಲಿ, ನೀರು ಬಿಸಿಯಾದರೆ ಅದರಲ್ಲಿನ ಆಮ್ಲಜನಕ ಕಡಿಮೆಯಾಗಿ ಹುಳ ಸಾಯುತ್ತವೆ. ಆರಿತು ಅಂತ ನಲ್ಲಿ ನೀರು ಬೆರೆಸಬೇಡಿ, ಕ್ಲೋರಿನ್ ಇರುತ್ತದೆ. ಮುಗಿದ ಮೇಲೆ ತಂದ ಕೆರೆಗೇ ಸುರಿಯಿರಿ. ಹತ್ತಿರ ಅಂತ ಬೇರೆ ಕೆರೆಗೆ ಸುರಿದರೆ ಬಸವನಹುಳದ ಮೊಟ್ಟೆ, ಕಳೆಯ ಚೂರು ಅಲ್ಲಿಗೂ ಹೋಗುತ್ತವೆ.