ಕೇಸ್ ಓದುವುದು ಹೇಗೆ: ಒಂದು ಖಾನಾವಳಿಯ ಲೆಕ್ಕ

ಎಂಬಿಎ ಸೇರಿ ತಿಂಗಳಾದ ಮೇಲೆ ಊರಿಗೆ ಹೋಗಿದ್ದೆ. "ಏನ್ ಓದಾಕತ್ತೀಯವಾ?" ಅಂತ ಅಜ್ಜಿ ಕೇಳಿದಳು. "ಕೇಸ್ ಓದಾಕತ್ತೀನಿ" ಅಂದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಯಾರ ಮ್ಯಾಲ ಕೇಸ್ ಹಾಕ್ಯಾರ? ಹೊಲದ್ದೇನು?"

ಅಜ್ಜಿಯ ಗಾಬರಿ ಪೂರ್ತಿ ತಪ್ಪೇನಲ್ಲ. ಎಂಬಿಎಯಲ್ಲಿ ಕೇಸ್ ಅಂದರೆ ಒಂದು ವ್ಯಾಪಾರದ ಸನ್ನಿವೇಶವನ್ನು ಬರೆದು ಚರ್ಚೆಗೆ ಕೊಡುವ ಪಾಠ. ಹೀಗೆ ಕಲಿಸುವ ಪದ್ಧತಿ ಹುಟ್ಟಿದ್ದೇ ಕೋರ್ಟಿನ ಕೇಸುಗಳಿಂದ. 1870ರಲ್ಲಿ ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಲ್ಯಾಂಗ್ಡೆಲ್, ಉಪನ್ಯಾಸ ಬರೆಸುವುದನ್ನು ಬಿಟ್ಟು, ನಿಜವಾದ ತೀರ್ಪುಗಳನ್ನು ಹುಡುಗರ ಮುಂದಿಟ್ಟು ಪ್ರಶ್ನೆ ಕೇಳತೊಡಗಿದರು. 1908ರಲ್ಲಿ ಶುರುವಾದ ಅಲ್ಲಿನ ಬಿಸಿನೆಸ್ ಶಾಲೆ ಅದನ್ನು ವ್ಯಾಪಾರಕ್ಕೆ ಒಗ್ಗಿಸಿತು. 1961ರಲ್ಲಿ ಹಾರ್ವರ್ಡ್ ಸಹಯೋಗದಲ್ಲಿ ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆ ಐಐಎಂ ತೆರೆದಾಗ ಈ ಪದ್ಧತಿಯೂ ಜೊತೆಗೇ ಬಂತು. ಈಗ ನಮ್ಮ ತಾಲ್ಲೂಕು ಕೇಂದ್ರದ ಬಿಕಾಂ ಪ್ರಶ್ನೆಪತ್ರಿಕೆಯಲ್ಲೂ ಕೊನೆಗೊಂದು ಕೇಸ್ ಇರುತ್ತದೆ. ಓದುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಗದಗಿನ ಕಡೆಯವಳು, ಹತ್ತನೆಯವರೆಗೂ ಕನ್ನಡ ಮಾಧ್ಯಮ. ಹದಿನಾಲ್ಕು ಪುಟದ ಮೊದಲ ಕೇಸನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೂರು ರಾತ್ರಿ ಓದಿದೆ. ನಾಲ್ಕು ಪುಟ ಸಾರಾಂಶ ಬರೆದು, ತರಗತಿಯಲ್ಲಿ ಎದ್ದು ನಿಂತು ಓದಿದೆ. ಸರ್ ಪೂರ್ತಿ ಕೇಳಿಸಿಕೊಂಡರು. "ಕತಿ ಛಲೋ ಹೇಳಿದಿ. ಈಗ ನೀ ಏನ್ ಮಾಡ್ತಿ ಹೇಳು" ಅಂದರು. ನಾನು ಏನೂ ಮಾಡುವವಳಿರಲಿಲ್ಲ. ಮಾಡಬೇಕಾದವಳು ನಾನು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಈಗ ನಾನೇ ಪಾಠ ಮಾಡುತ್ತೇನೆ. ಮೊದಲ ದಿನ ಹುಡುಗರಿಗೆ ಹೇಳುವುದನ್ನು ನಿಮಗೂ ಹೇಳುತ್ತೇನೆ. ಕೇಸ್ ಅಂದರೆ ಓದಿ ಮುಗಿಸುವ ಕಥೆಯಲ್ಲ. ಯಾರೋ ಒಬ್ಬರು ಇಂಥ ದಿನದೊಳಗೆ ಒಂದು ತೀರ್ಮಾನ ಮಾಡಲೇಬೇಕು, ಅವರ ಕುರ್ಚಿ ಖಾಲಿ ಇದೆ, ನೀವು ಹೋಗಿ ಕೂರಬೇಕು.

ಆದ್ದರಿಂದ ಮೊದಲ ಸಲ ಮೊದಲಿನಿಂದ ಕೊನೆಯವರೆಗೆ ಓದಲೇಬೇಡಿ. ಮೊದಲ ಪ್ಯಾರಾ, ಕೊನೆಯ ಪ್ಯಾರಾ, ನಡುವಿನ ಶೀರ್ಷಿಕೆಗಳು, ಹಿಂದಿನ ಕೋಷ್ಟಕಗಳು, ಇಷ್ಟನ್ನೇ ಕಾಲು ಗಂಟೆಯಲ್ಲಿ ನೋಡಿ. ಪುಟದ ತಲೆಯ ಮೇಲೆ ಒಂದು ಸಾಲು ಬರೆಯಿರಿ: ಯಾರು, ಏನು ತೀರ್ಮಾನ ಮಾಡಬೇಕು, ಯಾವಾಗಿನೊಳಗೆ. ಆ ಸಾಲು ಬರದಿದ್ದರೆ ಎರಡನೇ ಓದಿಗೆ ಹೋಗಬೇಡಿ, ಇನ್ನೊಮ್ಮೆ ಹುಡುಕಿ. ಎರಡನೇ ಓದು ಪೆನ್ಸಿಲ್ ಹಿಡಿದು. ನಾನು ಮೂರು ಗುರುತು ಹಾಕುತ್ತೇನೆ. ಖಚಿತ ಸಂಗತಿಗೆ ಕೆಳಗೆ ಗೆರೆ, ಯಾರದೋ ಅಭಿಪ್ರಾಯಕ್ಕೆ ಸುತ್ತ ಗೆರೆ, ಹೇಳದೇ ಬಿಟ್ಟದ್ದಕ್ಕೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ. "ಗಿರಾಕಿಗಳಿಗೆ ನಮ್ಮ ಮಾಲು ಬಹಳ ಇಷ್ಟ" ಅಂತ ಮಾರಾಟದ ಮ್ಯಾನೇಜರ್ ಹೇಳಿದರೆ ಅದು ಸಂಗತಿಯಲ್ಲ, ಆ ಮ್ಯಾನೇಜರಿನ ಮಾತು. ಮೂರನೇ ಗುರುತು ಎಲ್ಲರಿಗೂ ಕಷ್ಟ. ಇಲ್ಲದ್ದನ್ನು ನೋಡುವುದು ಹೇಗೆ? ಅದಕ್ಕೆ ಲೆಕ್ಕಕ್ಕೆ ಇಳಿಯಬೇಕು.

ಲೆಕ್ಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹುಡುಗರು ಜಾರುವುದು ಇಲ್ಲೇ. ನಮ್ಮ ಮನೆಯ ಹತ್ತಿರ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ. ತಿಂಗಳ ಮೆಂಬರುಗಳು 60 ಜನ. ಅದರಲ್ಲಿ ಮನೆ ಖರ್ಚು ಸರಿದೂಗುತ್ತದೆ. ಕೈಯಲ್ಲಿ ಉಳಿತಾಯ 80,000 ರೂಪಾಯಿ. ಒಂದು ಆಸ್ಪತ್ರೆಯವರು ಬಂದು ದಿನಕ್ಕೆ 100 ಊಟ ಕೇಳಿದರು, ಊಟಕ್ಕೆ 55 ರೂಪಾಯಿ, ಬಿಲ್ಲು 60 ದಿನದ ಮೇಲೆ. ಊಟದ ಖರ್ಚು 42 ರೂಪಾಯಿ. ಶನಿವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅಕ್ಕನ ಒಪ್ಪಿಗೆ ತಗೊಂಡು ಇದನ್ನು ಒಂದು ಪುಟದ ಕೇಸ್ ಮಾಡಿ ತರಗತಿಗೆ ಒಯ್ದೆ.

ಐದೇ ನಿಮಿಷದಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟರು. ಊಟಕ್ಕೆ 13 ರೂಪಾಯಿ ಲಾಭ, ದಿನಕ್ಕೆ 1,300, ತಿಂಗಳಿಗೆ 39,000. ಮುಂದಿನ ಬೆಂಚಿನ ಹುಡುಗನೊಬ್ಬ ಆಗಲೇ ಎರಡನೇ ಅಡುಗೆಮನೆ ಕಟ್ಟಿಸುತ್ತಿದ್ದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ವರ್ಷವಿಡೀ ಬಾಯಿಬಿಡದವಳು, "ಮೇಡಂ, ರೊಕ್ಕ ಬರೋದು 60 ದಿನಕ್ಕ ಅಲ್ರಿ, ಅಲ್ಲಿ ಮಟ ಅಕ್ಕಿ ಯಾರ್ ಕೊಡ್ತಾರ?" ಅಂದಳು. ಬೋರ್ಡಿಗೆ ಕರೆದು ಬರೆಸಿದೆ. ದಿನಕ್ಕೆ 4,200 ಖರ್ಚು. 80,000ವನ್ನು 4,200ರಿಂದ ಭಾಗಿಸಿದರೆ 19 ದಿನ. ಇಪ್ಪತ್ತನೇ ದಿನ ಲಾಭದ ಆರ್ಡರ್ ಕೈಯಲ್ಲಿರುತ್ತದೆ, ಅಕ್ಕಿ ತರಲು ದುಡ್ಡಿರುವುದಿಲ್ಲ. ಹಾಗಾದರೆ ಅರ್ಧ ಆರ್ಡರ್, 50 ಊಟ? ಆಗಲೂ 38 ದಿನಕ್ಕೆ ಕೈ ಖಾಲಿ. 30 ಊಟಕ್ಕೆ ಇಳಿಸಿದರೆ ಮಾತ್ರ 60 ದಿನ ದಾಟುತ್ತದೆ. ಅಲ್ಲಿಂದ ಚರ್ಚೆಯ ದಿಕ್ಕೇ ಬದಲಾಯಿತು. ಮುಂಗಡ ಕೇಳಬಹುದೇ, ಹದಿನೈದು ದಿನಕ್ಕೊಮ್ಮೆ ಬಿಲ್ಲು ಮಾಡಿಸಬಹುದೇ, ಕಿರಾಣಿ ಅಂಗಡಿಯವರು ಎಷ್ಟು ದಿನ ಉದ್ರಿ ಕೊಡುತ್ತಾರೆ. ಈ ಮೂರಕ್ಕೂ ಕೇಸಿನಲ್ಲಿ ಉತ್ತರವಿಲ್ಲ. ಅಂಚಿನ ಪ್ರಶ್ನೆ ಚಿಹ್ನೆ ಅಂದೆನಲ್ಲ, ಅವು ಹುಟ್ಟುವುದು ಹೀಗೆ.

ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ, ಗುಣಾಕಾರ ಭಾಗಾಕಾರ ಸಾಕು. ಕೇಸಿನಲ್ಲಿ ಬರುವ ಪ್ರತಿ ಸಂಖ್ಯೆಯನ್ನೂ ಇನ್ನೊಂದರ ಜೊತೆ ಕೂಡಿಸಿ, ಭಾಗಿಸಿ ನೋಡಿ. ಹತ್ತರಲ್ಲಿ ಏಳು ಸಲ ಏನೂ ಸಿಗುವುದಿಲ್ಲ, ಮೂರು ಸಲ ಸಿಕ್ಕಿದ್ದು ಕೇಸನ್ನೇ ತಿರುಗಿಸಿ ಹಾಕುತ್ತದೆ.

ಆಮೇಲೆ ಕನಿಷ್ಠ ಮೂರು ದಾರಿ ಬರೆದುಕೊಳ್ಳಿ. ಅದರಲ್ಲೊಂದು "ಏನೂ ಮಾಡದೆ ಇದ್ದ ಹಾಗೇ ಇರುವುದು". ಒಂದನ್ನು ಆರಿಸಿ, ಉಳಿದವನ್ನು ಯಾಕೆ ಬಿಟ್ಟಿರಿ ಅಂತ ಒಂದೊಂದು ಸಾಲು ಬರೆಯಿರಿ. ಬಿಟ್ಟದ್ದಕ್ಕೆ ಕಾರಣ ಹೇಳಲಾಗದವರು ಆರಿಸಿಲ್ಲ, ಚೀಟಿ ಎತ್ತಿದ್ದಾರೆ ಅಷ್ಟೇ.

ಇನ್ನೊಂದು ಬಲೆ ಇದೆ, ಜಾಣರೇ ಅದಕ್ಕೆ ಬೀಳುವುದು: ಕೊನೆ ಗೊತ್ತಿರುವುದು. ಎಂಟಿಆರ್ ಕೇಸ್ ಕೊಟ್ಟಾಗಲೆಲ್ಲ ಇದಾಗುತ್ತದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೋಟೆಲ್. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ದರಕ್ಕೆ ಸರ್ಕಾರ ಮಿತಿ ಹಾಕಿತು. ಆ ದರದಲ್ಲಿ ರುಚಿ ಕೆಡಿಸದೆ ನಡೆಸಿದರೆ ನಷ್ಟ. ಅವರು ಹೋಟೆಲ್ ಬಾಗಿಲು ಹಾಕಿ, ತಿಂಡಿಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರುವ ಕಡೆ ಹೊರಳಿದರು. ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಇಷ್ಟು ಗೊತ್ತಿರುವ ಹುಡುಗರು "ಪೊಟ್ಟಣ ಮಾಡಬೇಕು ಮೇಡಂ, ಅದರಲ್ಲೇನಿದೆ" ಅನ್ನುತ್ತಾರೆ. ನಾನು ಅವರನ್ನು 1975ಕ್ಕೆ ಕಳಿಸುತ್ತೇನೆ. ಮನೆಮನೆಯಲ್ಲಿ ಒರಳು ಇರುವ ಕಾಲ. ಇಡ್ಲಿ ಹಿಟ್ಟನ್ನು ಅಂಗಡಿಯಿಂದ ತಂದರೆ ಅತ್ತೆ ಏನಂತಾರೆ? ಅಡುಗೆಯವರು, ಸಪ್ಲೈಯರುಗಳು ಎದುರಿಗೆ ನಿಂತಿದ್ದಾರೆ. ದರದ ಮಿತಿ ನಾಳೆ ತೆಗೆಯುತ್ತಾರೋ ಹತ್ತು ವರ್ಷ ಇರುತ್ತದೋ ಯಾರಿಗೂ ಗೊತ್ತಿಲ್ಲ. ಈಗ ಹೇಳಿ. ಕೇಸಿನ ತಾರೀಖಿನ ಆಚೆಗೆ ನಡೆದದ್ದನ್ನು ಮೊಬೈಲಿನಲ್ಲಿ ಹುಡುಕಿಕೊಂಡು ಬಂದರೆ ನಿಮ್ಮ ಓದನ್ನು ನೀವೇ ಕೆಡಿಸಿಕೊಂಡ ಹಾಗೆ. ತರಗತಿ ಮುಗಿದ ಮೇಲೆ ಎಷ್ಟು ಬೇಕಾದರೂ ಹುಡುಕಿ.

ಗುಂಪು ಚರ್ಚೆಗೆ ನಾಲ್ಕೈದು ಜನ ಸಾಕು, ಅರ್ಧ ಗಂಟೆ. "ನೀನು ಮಾರ್ಕೆಟಿಂಗ್ ನೋಡು, ನಾನು ಲೆಕ್ಕ ನೋಡ್ತೀನಿ" ಅಂತ ಪಾಲು ಹಂಚಿಕೊಳ್ಳಬೇಡಿ. ಎಲ್ಲರೂ ಪೂರ್ತಿ ಓದಿ, ತಮ್ಮ ತೀರ್ಮಾನ ಬರೆದುಕೊಂಡೇ ಬರಬೇಕು. ವಾಟ್ಸ್ಆ್ಯಪಿನಲ್ಲಿ ಒಬ್ಬರ ಉತ್ತರ ಎಲ್ಲರಿಗೂ ಹರಿದರೆ ಮರುದಿನ ತರಗತಿಯಲ್ಲಿ ಐವತ್ತು ಬಾಯಿ, ಒಂದೇ ಮಾತು. ಎಐಗೆ ಕೇಳಿ ಬರೆಸಿದ್ದೂ ಅಷ್ಟೇ, ನಾನು ಎರಡನೇ ಪ್ರಶ್ನೆ ಕೇಳಿದ ಕೂಡಲೇ ಮುಗಿಯಿತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಬೇರೆ ಒಂದು ಮಾತು. ಗುಂಪಿನಲ್ಲಿ ಕನ್ನಡದಲ್ಲೇ ಜಗಳಾಡಿ, ಯೋಚನೆ ಗಟ್ಟಿಯಾಗುವುದು ಅಲ್ಲೇ. ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂದಿದ್ದರೆ ಎರಡೇ ಎರಡು ವಾಕ್ಯ ಮೊದಲೇ ಬರೆದಿಟ್ಟುಕೊಳ್ಳಿ: ನನ್ನ ತೀರ್ಮಾನ ಇದು, ಅದಕ್ಕೆ ಆಧಾರ ಈ ಸಂಖ್ಯೆ. ಮೊದಲ ಹತ್ತು ನಿಮಿಷದೊಳಗೆ ಕೈ ಎತ್ತಿ. ತಡವಾದಷ್ಟೂ ಎದೆ ಬಡಿತ ಹೆಚ್ಚುತ್ತದೆ, ಹೇಳಬೇಕೆಂದುಕೊಂಡದ್ದನ್ನು ಇನ್ಯಾರೋ ಹೇಳಿಬಿಟ್ಟಿರುತ್ತಾರೆ. ವ್ಯಾಕರಣ ತಪ್ಪಿದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. "19 ದಿನ" ಅಂದ ಆ ಹುಡುಗಿಯನ್ನು ಇಡೀ ಬ್ಯಾಚು ನೆನಪಿಟ್ಟುಕೊಂಡಿದೆ.

ಬೇರೆಯವರು ಮಾತಾಡುವಾಗ ಮುಂದಿನ ಸರದಿಗೆ ಮಾತು ಜೋಡಿಸುತ್ತ ಕೂರಬೇಡಿ, ಕೇಳಿ. ನಿಮ್ಮ ತೀರ್ಮಾನ ಬದಲಾದರೆ ಯಾರ ಯಾವ ಮಾತಿನಿಂದ ಬದಲಾಯಿತು ಅಂತ ಅಂಚಿನಲ್ಲಿ ಗೀಚಿಡಿ. ಅದೇ ದಿನ ಮಲಗುವ ಮುಂಚೆ ಅರ್ಧ ಪುಟ ಬರೆಯಿರಿ, ನಾನು ಏನನ್ನು ನೋಡಲಿಲ್ಲ, ಯಾಕೆ ನೋಡಲಿಲ್ಲ. ಮರುದಿನಕ್ಕೆ ಬಿಟ್ಟರೆ ಬರೆಯುವುದೇ ಇಲ್ಲ, ನನ್ನ ಅನುಭವ. ಪರೀಕ್ಷೆಯಲ್ಲಾದರೆ ತೀರ್ಮಾನ ಮೊದಲು, ಕಾರಣ ಆಮೇಲೆ. ಪ್ರಶ್ನೆಪತ್ರಿಕೆಯಲ್ಲಿರುವ ಕಥೆಯನ್ನೇ ತಿರುಗಿ ಬರೆದವರಿಗೆ ನಾನಂತೂ ಅಂಕ ಕೊಟ್ಟಿಲ್ಲ.

ರಜೆಯಲ್ಲಿ ನೀವೇ ಒಂದು ಕೇಸ್ ಬರೆದು ನೋಡಿ. ಎಪಿಎಂಸಿಯಲ್ಲಿ ಈರುಳ್ಳಿ ಇಳಿಸುವ ಮಾವ, ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಯಾರಾದರೂ ಆಗುತ್ತದೆ. "ಹೋದ ವರ್ಷ ರಾತ್ರಿ ನಿದ್ದೆ ಬರದ ಹಾಗೆ ಮಾಡಿದ ತೀರ್ಮಾನ ಯಾವುದು?" ಅಂತ ಕೇಳಿ. ಬರೆದದ್ದನ್ನು ಅವರಿಗೇ ಓದಿ ತೋರಿಸಿ. ಇದನ್ನು ಬಿಡಬೇಡಿ.

ನಾನು ತಡವಾಗಿ ಓದಿ ತೋರಿಸಿದೆ. ಚರ್ಚೆಯಾದ ವಾರ ಖಾನಾವಳಿಗೆ ಹೋಗಿ, ನಮ್ಮ ಹುಡುಗರು 19 ದಿನದ ಲೆಕ್ಕ ಹಿಡಿದರು ಅಂತ ಹೆಮ್ಮೆಯಿಂದ ಹೇಳಿದೆ. ಅಕ್ಕ ರೊಟ್ಟಿ ಬಡಿಯುತ್ತಲೇ ನಕ್ಕರು. "ಹದಿನೈದಕ್ಕ ಖಾಲಿ ಆಗ್ತಿತ್ರಿ ಮೇಡಂ. ನೀವು ಕೇಳಿದ್ದು ಸಾಮಾನಿಂದು ಅಷ್ಟ. ಇಬ್ಬರು ಹೆಣ್ಣಾಳಿಗೆ 700, ಗ್ಯಾಸಿಗೆ 250, ಆಟೋದವಂಗ 150. ಇದನ್ನ ಯಾರ್ ಕೊಡಾವ್ರು?"

ನಿಂತಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ 5,300. ಊಟಕ್ಕೆ 53. ಉಳಿಯುವುದು 13 ರೂಪಾಯಿಯಲ್ಲ, ಎರಡು. ಅವರು ಶುಕ್ರವಾರವೇ ಆಸ್ಪತ್ರೆಯವರಿಗೆ ಊಹೂಂ ಅಂದಿದ್ದರು.

ಆ ಕೇಸಿನ ಪ್ರತಿಯಲ್ಲಿ "ಊಟದ ಖರ್ಚು 42 ರೂಪಾಯಿ" ಅನ್ನುವ ಸಾಲನ್ನು ನಾನಿನ್ನೂ ತಿದ್ದಿಲ್ಲ. ಪ್ರತಿ ವರ್ಷ ಹಾಗೇ ಹಂಚುತ್ತೇನೆ, ಅದರ ಅಂಚಿನಲ್ಲಿ ಯಾರಾದರೂ ಪ್ರಶ್ನೆ ಚಿಹ್ನೆ ಹಾಕುತ್ತಾರಾ ಅಂತ ಬೆಂಚುಗಳ ನಡುವೆ ಓಡಾಡುತ್ತ ನೋಡುತ್ತೇನೆ.